ಕೈಗೆ ಸಿಕ್ಕಿದ್ದೇ ಹೊಟ್ಟೆಗೆ: ಟ್ರಯಥ್ಲಾನ್ ಸೈಕಲಿನಲ್ಲಿ ಆಹಾರ ಇಡುವ ಬಗೆಗಳ ಹೋಲಿಕೆ

ಪಣಜಿಯ ಮಿರಾಮಾರ್ ಕಡಲ ತೀರದಲ್ಲಿ 2019ರಲ್ಲಿ ಮೊದಲ ಬಾರಿಗೆ ಐರನ್‌ಮ್ಯಾನ್ 70.3 ಗೋವಾ ನಡೆದ ಮೇಲೆ, ಕಾಸರಗೋಡಿನ ನಮಗೆಲ್ಲ ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಬರುವ ಟ್ರಯಥ್ಲಾನ್ ಎಂಬುದು ಸೈಕಲನ್ನು ಕಳಚಿ ಪೆಟ್ಟಿಗೆಗೆ ತುಂಬಿ ರೈಲಿನಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರದ ಸಂಗತಿಯಾಯಿತು. ಹೋಗಿ ಬಂದವರ ಸಂಖ್ಯೆ ಹೆಚ್ಚಿದಂತೆ ಪ್ರಶ್ನೆಗಳೂ ಹೆಚ್ಚಿವೆ. ಕುಂಬಳೆಯ ಒಬ್ಬರು, ಹೊಸದುರ್ಗದ ಇಬ್ಬರು, ಮುಳ್ಳೇರಿಯದ ಒಬ್ಬ ಹುಡುಗ, ಹೀಗೆ ಈಚೆಗೆ ನನ್ನನ್ನು ವಿಚಾರಿಸಿದವರೆಲ್ಲರ ಗೊಂದಲದ ತಿರುಳು ಒಂದೇ ಆಗಿತ್ತು: ಸೀಟಿನ ಹಿಂದೆ ಎರಡು ಬಾಟಲಿ ನಿಲ್ಲುವ ಸ್ಟ್ಯಾಂಡ್ ತರಿಸುವುದೇ, ಮುಂದೆ ಏರೋಬಾರಿನ (ಮೊಣಕೈ ಊರಿ ಮುಂದಕ್ಕೆ ಬಾಗಿ ಹಿಡಿಯುವ ಜೋಡಿ ಕೊಳವೆಗಳ) ನಡುವೆ ಸ್ಟ್ರಾ ಇರುವ ಬಾಟಲಿ ಹಾಕಿಸುವುದೇ, ಅಥವಾ ಫ್ರೇಮಿನಲ್ಲಿ ಈಗಾಗಲೇ ಇರುವ ಎರಡು ಕೇಜುಗಳಲ್ಲೇ, ಅಂದರೆ ಬಾಟಲಿ ಸಿಕ್ಕಿಸುವ ಹಿಡಿಕೆಗಳಲ್ಲೇ, ಹೇಗೋ ಮುಗಿಸುವುದೇ? ಬಿಡಿಬಿಡಿಯಾಗಿ ಕೊಟ್ಟ ಉತ್ತರಗಳು ನನಗೇ ತೃಪ್ತಿ ತರಲಿಲ್ಲವಾದ್ದರಿಂದ ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ನನ್ನ ಮೊದಲ 90 ಕಿಲೋಮೀಟರಿನ ಸ್ಪರ್ಧೆಗೆ ನಾನು ಸೀಟಿನ ಹಿಂದೆ ಎರಡು ಬಾಟಲಿ ಕಟ್ಟಿಕೊಂಡು ಹೋಗಿದ್ದೆ. ಇಪ್ಪತ್ತು ಕಿಲೋಮೀಟರ್ ತಲುಪುವ ಮುಂಚೆಯೇ ಒಂದು ಕಡೆ ಡಾಂಬರು ಕಿತ್ತ ಜಾಗದಲ್ಲಿ ಸೈಕಲ್ ಕುಪ್ಪಳಿಸಿದಾಗ ಒಂದು ಬಾಟಲಿ ಹಾರಿ ಹೋಯಿತು. ಅದು ಹೋದದ್ದು ನನಗೆ ಗೊತ್ತಾದದ್ದು ಮುಂದಿನ ಏರಿನಲ್ಲಿ ಕೈ ಹಿಂದಕ್ಕೆ ಚಾಚಿದಾಗ. ಇನ್ನೊಂದು ಬಾಟಲಿ ಕೊನೆಯವರೆಗೂ ಭದ್ರವಾಗಿತ್ತು, ಆದರೆ ಸೈಕಲ್ ಇಳಿದು ಓಟಕ್ಕೆ ಹೊರಡುವಾಗ ಅದು ತುಂಬಿದಂತೆಯೇ ಇತ್ತು, ಏಕೆಂದರೆ ಬಲಬದಿಯಿಂದ ಒಬ್ಬರಾದ ಮೇಲೊಬ್ಬರು ಹಿಂದಿಕ್ಕಿ ಹೋಗುತ್ತಿರುವಾಗ ಹ್ಯಾಂಡಲ್ ಬಿಟ್ಟು ಬೆನ್ನ ಹಿಂದೆ ತಡಕಾಡುವ ಧೈರ್ಯ ನನಗೆ ಬರಲಿಲ್ಲ. ಎಪ್ಪತ್ತು ಗ್ರಾಂ ಸಕ್ಕರೆಯನ್ನು 90 ಕಿಲೋಮೀಟರ್ ಹೊತ್ತು, ಒಂದು ಗುಟುಕೂ ಕುಡಿಯದೆ, ಆಮೇಲೆ ಓಟದ ಹನ್ನೆರಡನೆಯ ಕಿಲೋಮೀಟರಿನಲ್ಲಿ ಕಾಲು ಕಿತ್ತಿಡಲಾಗದೆ ನಡೆದೆ. ಸಾಗಿಸುವುದು ಬೇರೆ, ಸೇವಿಸುವುದು ಬೇರೆ ಎಂಬುದು ಆ ದಿನ ತಿಳಿಯಿತು. ಅಡಿಕೆ ಗೊನೆ ತೆಗೆಯಲು ಮರ ಹತ್ತಿದವನ ಕತ್ತಿ ಸೊಂಟದಲ್ಲಿರಬೇಕೇ ಹೊರತು ಬುಡದಲ್ಲಿಟ್ಟ ಬುಟ್ಟಿಯಲ್ಲಲ್ಲ.

ಮೊದಲು ಅಗತ್ಯದ ಲೆಕ್ಕ

ಎಲ್ಲಿ ಇಡಬೇಕೆಂಬುದಕ್ಕಿಂತ ಮೊದಲು ಎಷ್ಟು ಇಡಬೇಕೆಂಬುದು ತೀರ್ಮಾನವಾಗಬೇಕು. 70.3 ಸ್ಪರ್ಧೆಯಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ ಇರುತ್ತದೆ. ಈಜುವಾಗ ತಿನ್ನಲಾಗದು, ಓಡುವಾಗ ಹೊಟ್ಟೆ ಕುಲುಕುವುದರಿಂದ ಹೆಚ್ಚು ಹಿಡಿಸದು. ಹಾಗಾಗಿ ಇಡೀ ದಿನದ ಊಟದ ಹೊತ್ತು ಸೈಕಲಿನ ಮೇಲೆಯೇ ಕಳೆಯಬೇಕು. ದೀರ್ಘ ಶ್ರಮದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬುದು ಬಹುಕಾಲದಿಂದ ಒಪ್ಪಿತವಾದ ಪ್ರಮಾಣ. ಎರಡೂವರೆ ಗಂಟೆ ಮೀರಿದ ಸ್ಪರ್ಧೆಗಳಿಗೆ ಅದನ್ನು 90 ಗ್ರಾಮಿನವರೆಗೆ ಏರಿಸಬಹುದು, ಆದರೆ ಒಂದು ಷರತ್ತಿನ ಮೇಲೆ. ಕರುಳಿನಲ್ಲಿ ಗ್ಲೂಕೋಸ್ ಒಳಹೋಗುವ ದಾರಿ ಗಂಟೆಗೆ ಸುಮಾರು 60 ಗ್ರಾಮಿಗೆ ತುಂಬಿಹೋಗುತ್ತದೆ. ಫ್ರಕ್ಟೋಸಿಗೆ ಬೇರೆಯೇ ದಾರಿ ಇದೆ. ಆದ್ದರಿಂದ 60ಕ್ಕಿಂತ ಮೇಲಿನದ್ದು ಫ್ರಕ್ಟೋಸ್ ರೂಪದಲ್ಲಿ ಬಂದರೆ ಮಾತ್ರ ರಕ್ತಕ್ಕೆ ಸೇರುತ್ತದೆ, ಇಲ್ಲವಾದರೆ ಹೊಟ್ಟೆಯಲ್ಲೇ ನಿಂತು ತೊಳಸುತ್ತದೆ.

ನನ್ನಂತೆ 90 ಕಿಲೋಮೀಟರಿಗೆ ಮೂರೂಕಾಲು ಗಂಟೆ ತೆಗೆದುಕೊಳ್ಳುವವರು ಗಂಟೆಗೆ 60 ಗ್ರಾಂ ಎಂದು ಹಿಡಿದರೆ ಸುಮಾರು 195 ಗ್ರಾಂ ಬೇಕು. ಒಂದು ಜೆಲ್ (ಹಿಂಡಿ ನುಂಗುವ ದಪ್ಪ ಸಿಹಿ ಪಾಕ) ಪೊಟ್ಟಣದಲ್ಲಿ 20ರಿಂದ 25 ಗ್ರಾಂ ಇರುವುದರಿಂದ, ಬರೀ ಜೆಲ್ಲಿನಲ್ಲೇ ಮುಗಿಸುವುದಾದರೆ ಎಂಟು ಅಥವಾ ಹತ್ತು ಪೊಟ್ಟಣ. ನೀರಿನ ಲೆಕ್ಕವನ್ನು ಬೇರೆಯವರಿಂದ ಕೇಳಿ ತಿಳಿಯಲಾಗದು, ಅಳೆದೇ ತಿಳಿಯಬೇಕು. ಸ್ಪರ್ಧೆಯ ವೇಗದಲ್ಲಿ ಒಂದು ಗಂಟೆ ಸೈಕಲ್ ತುಳಿಯುವ ಮೊದಲೂ ಆಮೇಲೂ ಬಟ್ಟೆ ಬಿಚ್ಚಿ, ಮೈ ಒರೆಸಿ ತೂಕ ನೋಡಿ. ಕಡಿಮೆಯಾದ ಪ್ರತಿ ಕಿಲೋವನ್ನು ಒಂದು ಲೀಟರ್ ಎಂದು ಎಣಿಸಿ, ನಡುವೆ ಕುಡಿದದ್ದನ್ನು ಅದಕ್ಕೆ ಕೂಡಿಸಿ. ನಮ್ಮ ಕರಾವಳಿಯ ಸೆಕೆಯಲ್ಲಿ ನನಗೆ ಇದು ಒಂದು ಲೀಟರಿಗೂ ಮೀರುತ್ತದೆ. ಬೆವರಿದಷ್ಟನ್ನೂ ಕುಡಿದು ತುಂಬಿಸಬೇಕಾಗಿಲ್ಲ, ಬೆವರಿದ್ದಕ್ಕಿಂತ ಹೆಚ್ಚು ಕುಡಿಯಲಂತೂ ಕೂಡದು, ಏಕೆಂದರೆ ರಕ್ತದಲ್ಲಿ ಸೋಡಿಯಂ ತೆಳುವಾಗುವುದು ಬಾಯಾರಿಕೆಗಿಂತ ಅಪಾಯಕರ. ಗಂಟೆಗೆ 700 ಮಿ.ಲೀ. ಎಂದು ಹಿಡಿದರೂ ಮೂರೂಕಾಲು ಗಂಟೆಗೆ ಎರಡೂಕಾಲು ಲೀಟರ್, ಅಂದರೆ 750 ಮಿ.ಲೀ. ಬಾಟಲಿಗಳು ಮೂರು. ಈ ಮೂರನ್ನೂ ಸೈಕಲಿನಲ್ಲೇ ಹೊರಬೇಕೇ, ಅಥವಾ ಒಂದೆರಡನ್ನು ದಾರಿ ಬದಿಯಲ್ಲಿ ಸಂಘಟಕರು ನೀರು, ಆಹಾರ ಕೊಡುವ ಏಡ್ ಸ್ಟೇಷನ್ನಿನಲ್ಲಿ ಪಡೆಯಬಹುದೇ ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ.

ಯಾವ ತಕ್ಕಡಿಯಲ್ಲಿ ತೂಗಬೇಕು

ನಾನು ಪ್ರತಿಯೊಂದು ಆಯ್ಕೆಯನ್ನೂ ಐದು ಪ್ರಶ್ನೆಗಳಿಂದ ನೋಡುತ್ತೇನೆ. ಏರೋಬಾರಿನಲ್ಲಿ ಬಾಗಿದ ಭಂಗಿಯನ್ನು ಬಿಡದೆ, ಅಥವಾ ಕನಿಷ್ಠ ರಸ್ತೆಯಿಂದ ಕಣ್ಣು ತೆಗೆಯದೆ, ಕೈಗೆ ಸಿಗುತ್ತದೆಯೇ? ಹಾಳು ರಸ್ತೆಯಲ್ಲಿ ಬೀಳದೆ ಉಳಿಯುತ್ತದೆಯೇ? ದಾರಿಯಲ್ಲಿ ಮತ್ತೆ ತುಂಬಿಸಲು ಸುಲಭವೇ? ನಮ್ಮ ತೇವದ ಹವೆಯಲ್ಲಿ ತೊಳೆದು ಒಣಗಿಸಿ ಇಟ್ಟುಕೊಳ್ಳಬಹುದೇ? ಕೊಟ್ಟ ಹಣಕ್ಕೆ ತಕ್ಕ ಉಪಯೋಗ ಇದೆಯೇ? ಗಾಳಿಯ ತಡೆಯನ್ನು ನಾನು ಬೇಕೆಂದೇ ಈ ಪಟ್ಟಿಯಿಂದ ಹೊರಗಿಟ್ಟಿದ್ದೇನೆ. ಬಾಟಲಿಯ ಜಾಗದಿಂದ ಆಗುವ ಗಾಳಿಯ ಲಾಭ ನಷ್ಟಗಳು ಫ್ರೇಮಿನಿಂದ ಫ್ರೇಮಿಗೆ, ಸವಾರನಿಂದ ಸವಾರನಿಗೆ ಬದಲಾಗುತ್ತವೆ. ಕುಡಿಯಲೆಂದು ಹತ್ತು ನಿಮಿಷಕ್ಕೊಮ್ಮೆ ಎದ್ದು ಕುಳಿತು ಎದೆಯನ್ನು ಗಾಳಿಗೆ ಒಡ್ಡುವವನಿಗೆ ಬಾಟಲಿಯ ಆಕಾರದ ಚಿಂತೆ ಬೇಡ.

ಫ್ರೇಮಿನ ಮೇಲಿನ ಕೇಜುಗಳು

ಡೌನ್ ಟ್ಯೂಬ್ (ಹ್ಯಾಂಡಲಿನ ಕಡೆಯಿಂದ ಪೆಡಲಿನ ಕಡೆಗೆ ಇಳಿಯುವ ಕೊಳವೆ) ಮತ್ತು ಸೀಟ್ ಟ್ಯೂಬಿನ (ಸೀಟಿನಿಂದ ಕೆಳಕ್ಕೆ ಇಳಿಯುವ ಕೊಳವೆ) ಮೇಲಿನ ಸಾಮಾನ್ಯ ಬಾಟಲಿ ಕೇಜುಗಳ ಬಗ್ಗೆ ಯಾರೂ ಉತ್ಸಾಹದಿಂದ ಮಾತಾಡುವುದಿಲ್ಲ, ಆದರೆ ನಾನು ಕಂಡವುಗಳಲ್ಲಿ ಅತ್ಯಂತ ನಂಬಿಕಸ್ಥ ಜಾಗ ಇದು. ಬಾಟಲಿಯ ಭಾರ ಕೆಳಗಿರುವುದರಿಂದ ಸೈಕಲ್ ಸ್ಥಿರವಾಗಿರುತ್ತದೆ, ಹಳ್ಳ ದಿಣ್ಣೆಗಳಲ್ಲಿ ಬಾಟಲಿ ಹಾರುವುದು ಅಪರೂಪ, ಕೇಜಿಗೆ ಕೆಲವು ನೂರು ರೂಪಾಯಿಗಿಂತ ಹೆಚ್ಚು ಖರ್ಚಿಲ್ಲ. ಏಡ್ ಸ್ಟೇಷನ್ನಿನಲ್ಲಿ ಖಾಲಿಯದನ್ನು ಎಸೆದು ತುಂಬಿದ್ದನ್ನು ಸಿಕ್ಕಿಸಲು ಇದಕ್ಕಿಂತ ಸುಲಭದ ಜಾಗ ಇಲ್ಲ.

ದೋಷವೂ ಇದೆ. ಇಲ್ಲಿಂದ ಬಾಟಲಿ ತೆಗೆಯಲು ಏರೋಬಾರಿನಿಂದ ಒಂದು ಕೈ ಎತ್ತಿ ಕೆಳಕ್ಕೆ ಬಾಗಬೇಕು; ಎದುರುಗಾಳಿ ಬೀಸುವಾಗ ಅಥವಾ ಸೇತುವೆಯ ಮೇಲೆ ಅಡ್ಡಗಾಳಿ ಇರುವಾಗ ಅಭ್ಯಾಸ ಇಲ್ಲದವರು ಇದನ್ನು ಮುಂದೂಡುತ್ತಾರೆ, ಮುಂದೂಡಿದ್ದು ಮರೆತೇ ಹೋಗುತ್ತದೆ. ಚಂದ್ರಗಿರಿ ಸೇತುವೆ ದಾಟಿ ಬೇಕಲದ ಕಡೆಗೆ ಹೋಗುವ ಕರಾವಳಿ ರಸ್ತೆಯಲ್ಲಿ ಮಧ್ಯಾಹ್ನದ ಕಡಲಗಾಳಿಗೆ ಸಿಕ್ಕಿದವರಿಗೆ ಇದು ಗೊತ್ತು. ಚಿಕ್ಕ ಅಳತೆಯ ಫ್ರೇಮ್ ಇರುವವರಿಗೆ, ವಿಶೇಷವಾಗಿ ಎತ್ತರ ಕಡಿಮೆಯಿರುವ ಸವಾರರಿಗೆ, ಸೀಟ್ ಟ್ಯೂಬಿನಲ್ಲಿ 750 ಮಿ.ಲೀ. ಬಾಟಲಿ ಹಿಡಿಸುವುದೇ ಇಲ್ಲ. ಅಂಥವರು ಬದಿಯಿಂದ ತೆಗೆಯಬಹುದಾದ ಕೇಜ್ ಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ.

ಕೈಯ ಬಗ್ಗೆ ಒಂದು ಮಾತು: ನಿಮ್ಮ ಸೈಕಲಿನಲ್ಲಿ ಹಿಂದಿನ ಚಕ್ರದ ಬ್ರೇಕ್ ಯಾವ ಕೈಯಲ್ಲಿದೆ ಎಂದು ನೋಡಿಕೊಂಡು ಆ ಕೈಯನ್ನು ಹ್ಯಾಂಡಲಿನಲ್ಲೇ ಬಿಡಿ, ಬಾಟಲಿಗೆ ಇನ್ನೊಂದು ಕೈ ಚಾಚಿ. ಬಾಟಲಿ ಹಿಡಿದ ಹೊತ್ತಿನಲ್ಲಿ ಒಂಟಿ ಕೈಯಿಂದ ಮುಂದಿನ ಬ್ರೇಕನ್ನೇ ಒತ್ತಬೇಕಾಗಿ ಬಂದರೆ ತಲೆಕೆಳಗಾಗಿ ಬೀಳುವ ಸಾಧ್ಯತೆ ಹೆಚ್ಚು.

ಕೈಗಳ ನಡುವಿನ ಬಾಟಲಿ

ಏರೋಬಾರಿನ ಎರಡು ಕೊಳವೆಗಳ ನಡುವೆ ಬಾಟಲಿ ಇಡುವುದರಲ್ಲಿ ಎರಡು ಬಗೆ. ಒಂದು, ಸಾಮಾನ್ಯ ಕೇಜನ್ನೇ ಅಡ್ಡಲಾಗಿ ಕಟ್ಟಿ ಸಾಮಾನ್ಯ ಬಾಟಲಿಯನ್ನು ಮಲಗಿಸುವುದು. ಎರಡು, ಪ್ರೊಫೈಲ್ ಡಿಸೈನ್‌ನಂಥ ಕಂಪನಿಗಳು ಮಾಡುವ, ಬಾಯಿಯ ಹತ್ತಿರಕ್ಕೆ ಸ್ಟ್ರಾ ಬರುವ, ಮೇಲಿನಿಂದ ನೀರು ಸುರಿದು ತುಂಬಿಸಬಹುದಾದ ವಿಶೇಷ ಬಾಟಲಿ.

ಕೈಗೆ ಸಿಗುವ ಪ್ರಶ್ನೆಯಲ್ಲಿ ಈ ಜಾಗವನ್ನು ಮೀರಿಸುವುದು ಯಾವುದೂ ಇಲ್ಲ. ಸ್ಟ್ರಾ ಇದ್ದರೆ ಕೈಯನ್ನೇ ಎತ್ತಬೇಕಾಗಿಲ್ಲ, ತಲೆ ಬಗ್ಗಿಸಿದರೆ ಸಾಕು. ಅದಕ್ಕಿಂತ ಮುಖ್ಯವಾಗಿ ಬಾಟಲಿ ಕಣ್ಣ ಮುಂದೆಯೇ ಇರುವುದರಿಂದ ಕುಡಿಯಬೇಕೆಂಬ ನೆನಪು ಬೇರೆ ಬೇಕಾಗುವುದಿಲ್ಲ. ಕುಡಿಯಲು ಮರೆಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಲಗಿಸಿದ ಬಾಟಲಿ ಗಾಳಿಗೂ ಹೆಚ್ಚಿನ ತೊಡಕು ಮಾಡುವುದಿಲ್ಲ, ಎಷ್ಟೋ ಸೈಕಲುಗಳಲ್ಲಿ ಕೈಗಳ ನಡುವಿನ ಖಾಲಿ ಜಾಗವನ್ನು ತುಂಬಿ ಸಹಾಯವನ್ನೇ ಮಾಡುತ್ತದೆ.

ಆದರೆ ಸ್ಟ್ರಾ ಬಾಟಲಿಯ ಜೊತೆ ಬದುಕುವುದು ಎಲ್ಲರಿಗೂ ಒಗ್ಗುವುದಿಲ್ಲ. ಹಾಳು ರಸ್ತೆಯಲ್ಲಿ ಮುಚ್ಚಳದ ಸಂದಿಯಿಂದ ತುಳುಕಿ ಕೈ, ಗಡಿಯಾರ, ಬಾರಿನ ಟೇಪು ಎಲ್ಲ ಅಂಟಂಟು. ಒಳಗಿರುವುದು ಸಕ್ಕರೆ ಉಪ್ಪಿನ ಪಾನೀಯವಾದರೆ ಬೋಲ್ಟುಗಳಿಗೆ ತುಕ್ಕು ಹಿಡಿಯಲು ನಮ್ಮ ಒಂದು ಮಳೆಗಾಲ ಸಾಕು. ಸ್ಟ್ರಾದ ಒಳಗೆ ಒಮ್ಮೆ ಕರಿ ಬೂಷ್ಟು ಕಟ್ಟಿತೆಂದರೆ ಅದನ್ನು ತೊಳೆದು ತೆಗೆಯುವುದಕ್ಕಿಂತ ಹೊಸ ಸ್ಟ್ರಾ ತರಿಸುವುದು ಲೇಸು. ಆದ್ದರಿಂದ ನನ್ನ ತೀರ್ಮಾನ ಸರಳ: ಸ್ಟ್ರಾ ಬಾಟಲಿಗೆ ಬರೀ ನೀರು, ಸಿಹಿಯಾದದ್ದೆಲ್ಲ ಬೇರೆ ಕಡೆ. ಏಡ್ ಸ್ಟೇಷನ್ನಿನಲ್ಲಿ ಸಿಗುವುದು ಹೆಚ್ಚಾಗಿ ನೀರೇ ಆದ್ದರಿಂದ ಸುರಿದುಕೊಂಡು ಮುಂದೆ ಹೋಗಲು ಇದು ಹೊಂದುತ್ತದೆ.

ಹಣ ಉಳಿಸಬೇಕೆನ್ನುವವರು ಮೊದಲ ಬಗೆಗೆ ಹೋಗಬಹುದು. ಒಂದು ಹಳೆ ಕೇಜ್, ನಾಲ್ಕು ಪ್ಲಾಸ್ಟಿಕ್ ಟೈ, ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಟ್ಯೂಬಿನ ಎರಡು ತುಂಡು ಇದ್ದರೆ ಅರ್ಧ ಗಂಟೆಯ ಕೆಲಸ. ಟ್ಯೂಬಿನ ತುಂಡನ್ನು ಕೇಜಿಗೂ ಬಾರಿಗೂ ನಡುವೆ ಸುತ್ತಿದರೆ ಜಾರುವುದೂ ನಿಲ್ಲುತ್ತದೆ, ಗಡಗಡ ಸದ್ದೂ ನಿಲ್ಲುತ್ತದೆ. ಇದರಲ್ಲಿ ಕುಡಿಯಲು ಒಂದು ಕೈ ಎತ್ತಬೇಕು ನಿಜ, ಆದರೆ ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ, ಏಡ್ ಸ್ಟೇಷನ್ನಿನ ಬಾಟಲಿಯನ್ನೂ ನೇರವಾಗಿ ಸಿಕ್ಕಿಸಬಹುದು. ಮೂರು ವರ್ಷದಿಂದ ನಾನು ಬಳಸುತ್ತಿರುವುದು ಇದನ್ನೇ. ಸಾವಿರಾರು ರೂಪಾಯಿಯ ಸ್ಟ್ರಾ ಬಾಟಲಿ ಅಟ್ಟದಲ್ಲಿದೆ.

ಸೀಟಿನ ಹಿಂದಿನ ಸ್ಟ್ಯಾಂಡ್

ನೋಡಲು ಇದೇ ಹೆಚ್ಚು ಗಂಭೀರವಾದ ಟ್ರಯಥ್ಲಾನ್ ಸೈಕಲಿನ ಲಕ್ಷಣ, ಅದಕ್ಕೇ ಬಹಳ ಮಂದಿ ಮೊದಲು ಕೊಳ್ಳುವುದೂ ಇದನ್ನೇ. ಒಟ್ಟಿಗೆ ಒಂದೂವರೆ ಲೀಟರ್ ಹೊರಬಹುದು, ಪಂಕ್ಚರ್ ಸಾಮಾನು ಮತ್ತು ಟಯರಿಗೆ ತುಂಬುವ ಸಿಒ2 ಅನಿಲದ ಕಾರ್ಟ್ರಿಜನ್ನೂ ಅಲ್ಲೇ ಕಟ್ಟಬಹುದು, ಫ್ರೇಮಿನಲ್ಲಿ ಜಾಗವಿಲ್ಲದ ಚಿಕ್ಕ ಸೈಕಲುಗಳಿಗೆ ಇದು ನಿಜಕ್ಕೂ ಉಪಕಾರಿ. ಆದರೆ ನಾನು ಮೇಲೆ ಹೇಳಿದ ಐದು ಪ್ರಶ್ನೆಗಳಲ್ಲಿ ಮೊದಲ ಎರಡರಲ್ಲೂ ಇದು ಸೋಲುತ್ತದೆ. ಬಾಟಲಿ ಓರೆಯಾಗಿ, ಚಕ್ರದ ನೇರಕ್ಕೆ, ಸೀಟಿನ ತುದಿಯಲ್ಲಿ ನಿಂತಿರುವುದರಿಂದ ಹಿಂದಿನ ಚಕ್ರದ ಪ್ರತಿ ಏಟೂ ಅದನ್ನು ಮೇಲಕ್ಕೆ ಚಿಮ್ಮಿಸುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ರಸ್ತೆಯ ಉಬ್ಬು ದಾಟಿದ ಕೂಡಲೇ ಅನಾಥ ಬಾಟಲಿಗಳು ಹೊರಳಾಡುತ್ತಿರುವುದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಬಿದ್ದ ಬಾಟಲಿ ನಿಮ್ಮ ನಷ್ಟ ಮಾತ್ರವಲ್ಲ, ಹಿಂದೆ ಬರುವವನ ಚಕ್ರಕ್ಕೂ ಅಪಾಯ. ನಿಗದಿತ ಜಾಗವಲ್ಲದ ಕಡೆ ಬಾಟಲಿ ಅಥವಾ ಪೊಟ್ಟಣ ಬಿಸಾಡಿದರೆ ದಂಡವೋ ಅನರ್ಹತೆಯೋ ಬೀಳುತ್ತದೆ ಎಂಬುದನ್ನೂ ನೆನಪಿಡಿ.

ಹಾಕಲೇಬೇಕೆಂದಿದ್ದರೆ ಅಗ್ಗದ ಸ್ಟ್ಯಾಂಡಿಗೆ ದುಬಾರಿ ಕೇಜ್ ಹಾಕಿ, ದುಬಾರಿ ಸ್ಟ್ಯಾಂಡಿಗೆ ಅಗ್ಗದ ಕೇಜ್ ಬೇಡ. ಬಾಟಲಿಯನ್ನು ಬಿಗಿಯಾಗಿ ಕಚ್ಚಿ ಹಿಡಿಯಲೆಂದೇ ಮಾಡಿದ, ಎಕ್ಸ್‌ಲ್ಯಾಬ್‌ನವರ ಗೊರಿಲ್ಲಾದಂಥ ಕೇಜುಗಳಿವೆ. ಬಾಟಲಿಯ ಕುತ್ತಿಗೆಗೆ ಟ್ಯೂಬಿನ ರಬ್ಬರ್ ಸುತ್ತಿ ಕೇಜಿಗೆ ಸಿಕ್ಕಿಸಿದರೂ ಹಾರುವುದು ಬಹುಮಟ್ಟಿಗೆ ನಿಲ್ಲುತ್ತದೆ, ಆದರೆ ಆಗ ತೆಗೆಯುವುದು ಇನ್ನೂ ಕಷ್ಟ. ಹಿಂದೆ ಇಡುವ ಬಾಟಲಿ ಮೀಸಲು ಬಾಟಲಿ ಎಂದು ಭಾವಿಸಿ. ಮುಂದಿನದು ಖಾಲಿಯಾದಾಗ, ರಸ್ತೆ ಸಮತಟ್ಟಾಗಿ ಯಾರೂ ಹತ್ತಿರವಿಲ್ಲದಾಗ, ಹಿಂದಿನದನ್ನು ತೆಗೆದು ಮುಂದಕ್ಕೆ ಬದಲಾಯಿಸಿಕೊಳ್ಳುವುದು; ಅಷ್ಟಕ್ಕೆ ಮಾತ್ರ. ಅಲ್ಲಿಂದಲೇ ನೇರವಾಗಿ ಗುಟುಕು ಗುಟುಕಾಗಿ ಕುಡಿಯುತ್ತೇನೆಂಬ ಲೆಕ್ಕಾಚಾರ ಮನೆಯಂಗಳದಲ್ಲಿ ಮಾತ್ರ ಸರಿಹೋಗುತ್ತದೆ.

ಟಾಪ್ ಟ್ಯೂಬಿನ ಡಬ್ಬಿ

ಹ್ಯಾಂಡಲಿನ ಹಿಂದೆ, ಟಾಪ್ ಟ್ಯೂಬಿನ, ಅಂದರೆ ಸೀಟಿನ ಕಡೆಗೆ ಹೋಗುವ ಮೇಲಿನ ಕೊಳವೆಯ, ಮೇಲೆ ಕೂರುವ ಸಣ್ಣ ಡಬ್ಬಿಗೆ ಬೆಂಟೋ ಬಾಕ್ಸ್ ಎಂದು ಹೆಸರು. ಗಟ್ಟಿ ಆಹಾರ ಮತ್ತು ಜೆಲ್ ಪೊಟ್ಟಣಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಬೆಲೆಯೂ ಹೆಚ್ಚಲ್ಲ. ಫ್ರೇಮಿನಲ್ಲೇ ಬೋಲ್ಟಿಗೆ ತೂತು ಇದ್ದರೆ ಬೋಲ್ಟ್ ಹಾಕುವ ಡಬ್ಬಿಯನ್ನೇ ಕೊಳ್ಳಿ. ಪಟ್ಟಿಯಿಂದ ಕಟ್ಟುವ ಡಬ್ಬಿ ಸ್ವಲ್ಪ ದಿನದಲ್ಲಿ ಸಡಿಲಾಗಿ, ಏರು ಹತ್ತುವಾಗ ಎದ್ದು ನಿಂತು ತುಳಿದರೆ ಮೊಣಕಾಲಿಗೆ ತಾಗುತ್ತದೆ. ಜಿಪ್ ಇರುವುದಕ್ಕಿಂತ ರಬ್ಬರಿನ ಬಾಯಿ ಇರುವುದು ವಾಸಿ. ಬೆವರಿದ ಕೈಗೆ ಜಿಪ್ಪಿನ ತುದಿ ಸಿಗುವುದಿಲ್ಲ, ತೆರೆದಿಟ್ಟ ಜಿಪ್ಪಿನಿಂದ ಒಳಗಿದ್ದದ್ದು ಹಾರುತ್ತದೆ.

ಹತ್ತು ಪೊಟ್ಟಣ ಜೆಲ್ಲನ್ನು ಒಂದೊಂದಾಗಿ ಹರಿದು ಕುಡಿಯುವುದು ತೊಡಕೆನಿಸಿದರೆ, ಆರೇಳು ಪೊಟ್ಟಣವನ್ನು ಮೊದಲೇ ಒಂದು ಸಣ್ಣ ಮೆತ್ತನೆಯ ಬಾಟಲಿಗೆ ಹಿಂಡಿ, ಸ್ವಲ್ಪ ನೀರು ಬೆರೆಸಿ, ಹೊರಗೆ ಮಾರ್ಕರಿನಿಂದ ಗಂಟೆಯ ಗೆರೆಗಳನ್ನು ಎಳೆದು ಡಬ್ಬಿಯಲ್ಲಿ ನಿಲ್ಲಿಸಿ. ಕೈಯಲ್ಲಿ ಹರಿದ ಪ್ಲಾಸ್ಟಿಕ್ ಉಳಿಯುವುದಿಲ್ಲ, ಎಷ್ಟು ಸೇವಿಸಿದೆ ಎಂಬ ಗೊಂದಲವೂ ಇಲ್ಲ. ಪೊಟ್ಟಣಗಳ ತಲೆಯನ್ನು ಟಾಪ್ ಟ್ಯೂಬಿಗೆ ಇನ್ಸುಲೇಷನ್ ಟೇಪಿನಿಂದ ಅಂಟಿಸಿ, ಎಳೆದ ಕೂಡಲೇ ಬಾಯಿ ಹರಿದು ಕೈಗೆ ಬರುವಂತೆ ಮಾಡುವ ಹಳೆಯ ಉಪಾಯವೂ ಇದೆ. ಖರ್ಚಿಲ್ಲ, ಒಂದೆರಡು ಪೊಟ್ಟಣಕ್ಕೆ ಚೆನ್ನ, ಹತ್ತಕ್ಕೆ ಹೊಂದದು.

ಒಂದು ಎಚ್ಚರಿಕೆ ನಮ್ಮ ಕಡೆಯವರಿಗೆ. ಸೈಕಲನ್ನು ಹಿಂದಿನ ದಿನವೇ ಒಪ್ಪಿಸಿ ಬರಬೇಕಾದ ಸ್ಪರ್ಧೆಗಳಲ್ಲಿ ಸಿಹಿಯನ್ನು ಡಬ್ಬಿಯಲ್ಲೇ ಬಿಟ್ಟು ಬಂದರೆ ಬೆಳಗ್ಗೆ ಇರುವೆಗಳ ಸಾಲು ಸ್ವಾಗತಿಸುತ್ತದೆ. ಖಾಲಿ ಸೈಕಲ್ ಒಪ್ಪಿಸಿ, ಆಹಾರವನ್ನು ಬೆಳಗ್ಗೆ ತುಂಬಿಸಿ.

ಉಳಿದ ಜಾಗಗಳು

ಈಜು, ಸೈಕಲ್, ಓಟ ಮೂರಕ್ಕೂ ಒಂದೇ ಆಗಿ ತೊಡುವ ಟ್ರೈ ಸೂಟಿನ ಬೆನ್ನ ಜೇಬು ಒಂದೆರಡು ಜೆಲ್ಲಿಗೆ ಸಾಕು. ಈಜುವಾಗಲೇ ತುಂಬಿಕೊಂಡರೆ ಉಪ್ಪುನೀರಲ್ಲಿ ನೆನೆಯುತ್ತದೆ, ದಡಕ್ಕೆ ಬಂದ ಮೇಲೆ ಒದ್ದೆ ಕೈಯಲ್ಲಿ ತುರುಕುವುದು ಹೊತ್ತು ತಿನ್ನುತ್ತದೆ. ಸೂಟಿನ ಒಳಗೆ ಎದೆಯ ಮೇಲೆ ಬಾಟಲಿ ತುರುಕುವ ಪದ್ಧತಿ ವೃತ್ತಿಪರರಿಂದ ಬಂದದ್ದು. ನಿಮ್ಮ ಸ್ಪರ್ಧೆಯ ನಿಯಮಪುಸ್ತಕ ಓದದೆ ಅದಕ್ಕೆ ಕೈ ಹಾಕಬೇಡಿ. ಫ್ರೇಮಿನ ಒಳಗೇ ನೀರಿನ ಚೀಲ ಇರುವ ಸೈಕಲುಗಳು 2011ರಲ್ಲಿ ಬಂದ ಸ್ಪೆಷಲೈಸ್ಡ್ ಶಿವ್‌ನಿಂದ ಹೆಚ್ಚು ಪರಿಚಿತವಾದವು. ಅಂಥದ್ದು ಈಗಾಗಲೇ ಇದ್ದರೆ ಬಳಸಿ. ಅದಕ್ಕಾಗಿಯೇ ಸೈಕಲ್ ಬದಲಿಸುವುದು ದುಂದು.

ಏಡ್ ಸ್ಟೇಷನ್ ಕೂಡ ಒಂದು ಆಯ್ಕೆಯೇ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಅದು ಎಷ್ಟೆಷ್ಟು ದೂರಕ್ಕಿದೆ, ಅಲ್ಲಿ ಏನು ಕೊಡುತ್ತಾರೆ ಎಂಬುದು ಸಂಘಟಕರ ಅಥ್ಲೀಟ್ ಗೈಡಿನಲ್ಲಿ ಇರುತ್ತದೆ. ನೀರು ಅಲ್ಲಿಂದ, ಸಕ್ಕರೆ ಮನೆಯಿಂದ ಎಂಬ ಹಂಚಿಕೆ ನನಗೆ ಸರಿಯೆನಿಸುತ್ತದೆ. ಆದರೆ ಅಲ್ಲಿ ಕೊಡುವ ಬಾಟಲಿ ನಿಮ್ಮ ಕೇಜಿಗೆ ಸಡಿಲವಾಗಬಹುದು. ಆದ್ದರಿಂದ ಒಂದು ಕೇಜಾದರೂ ಸ್ವಲ್ಪ ಬಗ್ಗುವಂಥದ್ದಾಗಿರಲಿ. ನೀಡುವ ಕೈಯಿಂದ ಬಾಟಲಿ ಪಡೆಯುವ ಅಭ್ಯಾಸವನ್ನು ಮನೆಯವರನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ ನಾಲ್ಕು ಸಲ ಮಾಡಿ ನೋಡಿ. ನನ್ನ ತಂಗಿಯ ಕೈಯಿಂದ ಮೊದಲ ಮೂರು ಬಾಟಲಿ ಚರಂಡಿಗೆ ಹೋದವು.

ಒಳಗೆ ಏನು ತುಂಬುವುದು

ಜಾಗದ ಆಯ್ಕೆ ಆಹಾರದ ರೂಪವನ್ನು ಅವಲಂಬಿಸಿದೆ. ಎಲ್ಲ ಸಕ್ಕರೆಯನ್ನೂ ಒಂದೇ ಬಾಟಲಿಯಲ್ಲಿ ದಪ್ಪಗೆ ಕಲಸಿ, ಜೊತೆಗೆ ಬರೀ ನೀರು ಕುಡಿಯುವುದು ಇಂದು ಬಹಳ ಮಂದಿಯ ಕ್ರಮ. ಇದನ್ನು ಮನೆಯಲ್ಲೇ ಮಾಡಬಹುದು. ಸಕ್ಕರೆ ಕರುಳಿನಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆದ್ದರಿಂದ 60 ಗ್ರಾಂ ಸಕ್ಕರೆಗೆ, ಕರುಳಿನಲ್ಲಿ ಪೂರ್ತಿ ಗ್ಲೂಕೋಸ್ ಆಗುವ 30 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ ಸೇರಿಸಿದರೆ ಗ್ಲೂಕೋಸ್ 60, ಫ್ರಕ್ಟೋಸ್ 30 ಎಂಬ ಎರಡಕ್ಕೊಂದರ ಪ್ರಮಾಣ ಸರಿಯಾಗಿ ಬರುತ್ತದೆ. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇದೆ. ಕುಡಿಯುವ ಪ್ರತಿ ಲೀಟರಿಗೆ ಒಂದೂವರೆ ಗ್ರಾಂ ಉಪ್ಪು ಬರುವಂತೆ ನೋಡಿಕೊಂಡರೆ ಅದು ಸುಮಾರು 600 ಮಿಲಿಗ್ರಾಂ ಆಗುತ್ತದೆ. ಪುನರ್ಪುಳಿಯ ರಸ ಎರಡು ಚಮಚ ಬೆರೆಸಿದರೆ ಮೂರನೇ ಗಂಟೆಯಲ್ಲೂ ಬಾಯಿಗೆ ಹೇಸಿಗೆಯಾಗುವುದಿಲ್ಲ. ಅಂಗಡಿಯಿಂದ ತರುವ ಜೆಲ್ಲಿಗೆ ಹೋಲಿಸಿದರೆ ಖರ್ಚು ಏನೂ ಅಲ್ಲ.

ಒಆರ್‌ಎಸ್ ಪೊಟ್ಟಣವೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಂದು ಲೀಟರ್ ಒಆರ್‌ಎಸ್‌ನಲ್ಲಿ ಇರುವ ಗ್ಲೂಕೋಸ್ 13.5 ಗ್ರಾಂ ಮಾತ್ರ. ಅದು ನಿರ್ಜಲೀಕರಣಕ್ಕೆ ಮದ್ದು, ಕಾಲಿಗೆ ಇಂಧನವಲ್ಲ. ನಮ್ಮ ಬೊಂಡದ ನೀರಿನ (ಎಳನೀರಿನ) ಕಥೆಯೂ ಇಂಥದ್ದೇ: 100 ಮಿ.ಲೀ.ಗೆ ನಾಲ್ಕೈದು ಗ್ರಾಂ ಸಕ್ಕರೆ, ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಮುಖ್ಯವಾಗಿ ಕಳೆದುಹೋಗುವ ಸೋಡಿಯಂ ಕಡಿಮೆ. ಸ್ಪರ್ಧೆ ಮುಗಿದ ಮೇಲೆ ಎರಡು ಬೊಂಡ ಕುಡಿಯಿರಿ, ಸೈಕಲಿನ ಬಾಟಲಿಗೆ ಅದನ್ನು ತುಂಬಬೇಡಿ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ರೂಪಿಸಿದ ತಂಪು ವಿಧಾನದಿಂದ ತೆಂಗಿನ ಹೂಗೊಂಚಲಿನಿಂದ ಇಳಿಸುವ ಕಲ್ಪರಸ ಸಿಹಿಯಾಗಿದ್ದರೂ ತಂಪು ತಪ್ಪಿದರೆ ಹುಳಿಯುವಂಥದ್ದು. ಬಿಸಿಲಲ್ಲಿ ಮೂರು ಗಂಟೆ ನಿಂತ ಬಾಟಲಿಯಲ್ಲಿ ಅದರ ಗತಿ ಊಹಿಸಬಹುದು.

ಬರೀ ಸಿಹಿ ನೀರಿನಲ್ಲಿ ಹೊಟ್ಟೆ ತುಂಬದವರಿಗೆ ಬೆಂಟೋ ಬಾಕ್ಸಿನಲ್ಲಿ ಮನೆಯ ತಿಂಡಿ ಇಡಬಹುದು. ಒಂದು ಸಾಧಾರಣ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಒಂದು ಜೆಲ್ಲಿನಷ್ಟು. ಕದಳಿಯಂಥ ಸಣ್ಣ ಹಣ್ಣಾದರೆ ಎರಡು ಬೇಕು. ಸಿಪ್ಪೆ ಸುಲಿದ ಹಣ್ಣು ಡಬ್ಬಿಯಲ್ಲಿ ಗಂಟೆಯೊಳಗೆ ಪಾಯಸವಾಗುತ್ತದೆ, ಸುಲಿಯದಿದ್ದರೆ ಒಂದೇ ಕೈಯಲ್ಲಿ ಸುಲಿಯಬೇಕು. ನನಗೆ ಒಗ್ಗಿದ್ದು ಹಲಸಿನ ಹಣ್ಣಿನ ಬೆರಟಿ (ಬೆಲ್ಲದ ಜೊತೆ ಕಾಯಿಸಿ ಗಟ್ಟಿ ಮಾಡಿದ್ದು) ಮತ್ತು ಮಾಂಬಳ (ಮಾವಿನ ರಸ ಒಣಗಿಸಿದ ಹಾಳೆ). ಬೆರಟಿಯನ್ನು ಹದವಾಗಿ ಗಟ್ಟಿ ಕಾಯಿಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿದರೆ ಬಿಸಿಲಿಗೂ ಕರಗದು, ಬೆರಳಿಗೂ ಅಂಟದು. ನೇಂದ್ರ ಚಿಪ್ಸನ್ನು ಮಾತ್ರ ಸೈಕಲಿನ ಮೇಲೆ ತರಬೇಡಿ. ಎಣ್ಣೆ ನಿಧಾನಕ್ಕೆ ಕರಗುವಂಥದ್ದು, ಒಣ ಚೂರು ಗಂಟಲಿಗೆ ಸಿಕ್ಕಿಕೊಂಡರೆ ಕೆಮ್ಮುತ್ತಾ ತುಳಿಯಬೇಕಾಗುತ್ತದೆ. ಗಟ್ಟಿ ಆಹಾರವನ್ನೆಲ್ಲ ಮೊದಲ ಒಂದೂವರೆ ಗಂಟೆಯಲ್ಲೇ ಮುಗಿಸಿ. ಓಟ ಹತ್ತಿರ ಬಂದಂತೆ ದ್ರವ ಮಾತ್ರ.

ಯಾರಿಗೆ ಯಾವುದು

750 ಮೀಟರ್ ಈಜಿನ ಸ್ಪ್ರಿಂಟ್ ಸ್ಪರ್ಧೆಯಲ್ಲಿ ಸೈಕಲ್ 20 ಕಿ.ಮೀ. ಮಾತ್ರ, ಒಂದು ಕೇಜ್, ಒಂದು ಬಾಟಲಿ, ಮುಗಿಯಿತು. ಒಲಿಂಪಿಕ್ ದೂರದ 40 ಕಿ.ಮೀ.ಗೆ ಒಂದು ಬಾಟಲಿ ಸಿಹಿ, ಒಂದು ಬಾಟಲಿ ನೀರು, ಬೇಕಾದರೆ ಟೇಪಿನಲ್ಲಿ ಅಂಟಿಸಿದ ಒಂದು ಜೆಲ್. ಇವೆರಡಕ್ಕೆ ಹಣ ಖರ್ಚು ಮಾಡುವುದಾದರೆ ಟಯರಿಗೆ ಮಾಡಿ.

ರೋಡ್ ಬೈಕಿಗೆ ಏರೋಬಾರ್ ಸಿಕ್ಕಿಸಿಕೊಂಡು ಮೊದಲ 70.3ಕ್ಕೆ ಹೋಗುವವರಿಗೆ ನಾನು ಹೇಳುವುದು: ಫ್ರೇಮಿನ ಎರಡು ಕೇಜು, ಒಂದು ಬೆಂಟೋ ಬಾಕ್ಸ್, ಕೈಗಳ ನಡುವೆ ಕಟ್ಟಿದ ಮೂರನೇ ಕೇಜ್. ದಪ್ಪ ಸಿಹಿಯ ಬಾಟಲಿ ಕೈಗಳ ನಡುವೆ, ನೀರು ಕೆಳಗೆ, ಏಡ್ ಸ್ಟೇಷನ್ನಿನಲ್ಲಿ ನೀರಿನದ್ದನ್ನು ಮಾತ್ರ ಬದಲಿಸುವುದು. ಹಿಂದಿನ ಸ್ಟ್ಯಾಂಡಿನ ಅಗತ್ಯವೇ ಇಲ್ಲ. ಕುಡಿಯಲು ಮರೆಯುವ ಸ್ವಭಾವದವರು, ಅಥವಾ ಒಂದು ಕೈ ಬಿಟ್ಟು ಸೈಕಲ್ ನಡೆಸಲು ಹೆದರುವವರು ಮಾತ್ರ ಸ್ಟ್ರಾ ಬಾಟಲಿಗೆ ಹಣ ಹಾಕಬಹುದು. ಅವರಿಗೆ ಅದು ದುಂದಲ್ಲ. ಫ್ರೇಮಿನಲ್ಲಿ ಒಂದೇ ಬಾಟಲಿ ಹಿಡಿಸುವ ಸೈಕಲಿನವರಿಗೆ ಹಿಂದಿನ ಸ್ಟ್ಯಾಂಡ್ ಅನಿವಾರ್ಯ, ಆದರೆ ಬಿಗಿ ಕೇಜಿನೊಂದಿಗೆ ಮತ್ತು ಮೀಸಲಿಗಾಗಿ ಮಾತ್ರ. 180 ಕಿ.ಮೀ. ತುಳಿಯುವ ಪೂರ್ಣ ದೂರದವರಿಗೆ ಆರೇಳು ಗಂಟೆಯ ಆಹಾರವನ್ನೆಲ್ಲ ಹೊರುವುದು ಆಗದ ಮಾತು. ಅರ್ಧ ದಾರಿಯಲ್ಲಿ ಸ್ವಂತ ಚೀಲ ಪಡೆಯುವ ವ್ಯವಸ್ಥೆ ಇದ್ದರೆ ಎರಡನೇ ದಪ್ಪ ಬಾಟಲಿಯನ್ನು ಅಲ್ಲಿಡಿ, ಇಲ್ಲದಿದ್ದರೆ ಹಿಂದಿನ ಸ್ಟ್ಯಾಂಡಿಗೆ ಆಗ ನಿಜವಾದ ಕೆಲಸ ಬರುತ್ತದೆ.

ಇಷ್ಟಾದ ಮೇಲೂ ಎರಡರ ನಡುವೆ ತೂಗಾಡುವವರು ಏನನ್ನೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಗೆಳೆಯರಿಂದ ಎರವಲು ತಂದಾದರೂ ಎಲ್ಲ ಜಾಗಗಳಲ್ಲೂ ಬಾಟಲಿ ಇಟ್ಟುಕೊಳ್ಳಿ. ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಹೋಗುವ ಏರಿಳಿತದ ರಸ್ತೆಯಲ್ಲಿ ಒಮ್ಮೆ, ಹೊಸದುರ್ಗದ ಕಡೆಗಿನ ಸಮತಟ್ಟಾದ ಕರಾವಳಿ ರಸ್ತೆಯಲ್ಲಿ ಇನ್ನೊಮ್ಮೆ, ಸ್ಪರ್ಧೆಯ ವೇಗದಲ್ಲಿ ಅರುವತ್ತು ಕಿಲೋಮೀಟರ್ ತುಳಿಯಿರಿ. ಕುಡಿಯುವ ಬಗ್ಗೆ ವಿಶೇಷವಾಗಿ ಯೋಚಿಸಬೇಡಿ. ಮನೆಗೆ ಬಂದು ಮೈ ತೊಳೆಯುವ ಮುಂಚೆ, ಯಾವ ಜಾಗದ ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಅಡುಗೆಮನೆಯ ಅಳತೆಯ ಲೋಟದಲ್ಲಿ ಅಳೆದು ಬರೆದಿಡಿ.